ಸರೋಜಿನಿ ಟೀಚರ ಸನ್ಮಾನಕ್ಕೆ ಮೈಕ್ ಕಟ್ಟಿದ್ದು

ಓದುವ ಎಲ್ಲರಿಗೂ ನಮಸ್ಕಾರ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವ, ನಲವತ್ತು ದಾಟಿದ ಮೇಲೆ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿ ಪಾಸಾದವ. ಟೈಪಿಂಗ್ ಕಲಿತದ್ದು ಈಗ, ಕೆಲಸ ಬಿಟ್ಟು ಕಾರ್ಕಳಕ್ಕೆ ಬಂದು ಕೂತ ಮೇಲೆ. ಒಂದೇ ಬೆರಳಲ್ಲಿ ಒತ್ತುವುದು. ಒಂದು ಒತ್ತಕ್ಷರ ಹುಡುಕಿ ಸಿಗುವಷ್ಟರಲ್ಲಿ ಹೇಳ್ಲಿಕ್ಕಿದ್ದ ಮಾತು ಎಲ್ಲಿಗೋ ಹೋಗಿರ್ತದೆ. ತಪ್ಪು ಇರ್ತದೆ, ದಯವಿಟ್ಟು ಕ್ಷಮಿಸಿ ಓದಿ.

ಸೌಂಡ್ಸ್ ಕೆಲಸದ ಹುಡುಗರು, ಗಲ್ಫಿಗೆ ಹೊರಟವರು, ಆಗಾಗ ನನ್ನ ಹತ್ರ ಬಂದು ಕೇಳ್ತಾರೆ, "ಶೇಖರಣ್ಣ, ಅಲ್ಲಿ ಕೆಲಸ ಹೇಗೆ" ಅಂತ. ಅವರಿಗೆ ಬೇಕಾದದ್ದು ಸಂಬಳ, ರೂಮು, ರಜೆ. ಅದನ್ನು ಏಜೆಂಟರು ಹೇಳ್ತಾರೆ. ನಾನು ಹೆಲ್ಪರ್ ಇದ್ದವ ಆಪರೇಟರ್ ಆದದ್ದು, ಆಪರೇಟರ್ ಇದ್ದವ ಸೂಪರ್‌ವೈಸರ್ ಆದದ್ದು ಕೂಡ ಬರೆಯುವುದಿಲ್ಲ, ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಕೆಲಸ ಹೇಗೆ ಕಲಿತೆ ಅನ್ನುವುದನ್ನು ಬರೀತೇನೆ. ಅದನ್ನು ಬರೀಲಿಕ್ಕೆ ಹೋದರೆ ಹಸನಾಕ ಬರ್ತಾರೆ, ಸರೋಜಿನಿ ಟೀಚರ್ ಬರ್ತಾರೆ.

ನಮ್ಮ ಕಂಪನಿ ಕುವೈತಿನ ಸಬ್ಹಾನಿನಲ್ಲಿ ಇತ್ತು. ಕಂಪನಿ ಅಂದರೆ ಒಂದು ದೊಡ್ಡ ಗೋದಾಮು. ಮದುವೆ, ಸಭೆ, ಪಾರ್ಟಿಗೆ ಟೆಂಟು, ಕುರ್ಚಿ, ಲೈಟು, ಮೈಕ್ ಬಾಡಿಗೆಗೆ ಕೊಡುವುದು. ಹಿಂದೆಯೇ ಕ್ಯಾಂಪು, ನಾವು ಮಲಗುವುದು ಅಲ್ಲಿ. ಗೋದಾಮಿನ ಕೀ ಹಸನಾಕನ ಸೊಂಟದಲ್ಲಿ. ಅವರು ನಮ್ಮ ಕಡೆಯ ಬ್ಯಾರಿ, ಬಂಟ್ವಾಳದ ಹತ್ರದವರು. ಸ್ಟೋರ್‌ಕೀಪರ್ ಅಂತ ಹೆಸರು, ಆದರೆ ಪಿಕಪ್ ಓಡಿಸುವುದು, ಸ್ಪೀಕರ್ ಹೊರುವುದು, ನಮಗೆ ಬೈಯುವುದು ಎಲ್ಲ ಅವರೇ. ಕಫೀಲ್, ಅಂದರೆ ನಮಗೆ ವೀಸಾ ಕೊಟ್ಟ ಕುವೈತಿ ಧಣಿ, ಒಳ್ಳೆ ಮನುಷ್ಯ, ಬಂದರೆ ಚಾ ಕುಡಿದು ಹೋಗ್ತಿದ್ದ.

ಮೊದಲನೇ ದಿನ ನಾನು ಕೇಬಲನ್ನು ಅಂಗೈಯಿಂದ ಮೊಣಕೈಗೆ ಸುತ್ತಿದೆ, ಊರಲ್ಲಿ ಹಗ್ಗ ಸುತ್ತುವ ಹಾಗೆ. ಹಸನಾಕ ದೂರದಿಂದ ನೋಡ್ತಾ ಇದ್ದವರು ಬಂದು ಕಿತ್ಕೊಂಡ್ರು.

"ಎಂತ ಮಾರಾಯ, ದನ ಕಟ್ಲಿಕ್ಕುಂಟಾ ಇದರಲ್ಲಿ?"

ಒಂದು ಸುತ್ತು ಮೇಲಿಂದ, ಒಂದು ಸುತ್ತು ಕೆಳಗಿಂದ, ಹಾಗೆ ಸುತ್ಲಿಕ್ಕೆ ಕಲಿಸಿದ್ರು. ಮರುದಿನ ಬಿಚ್ಚುವಾಗ ಒಂದು ಗಂಟು ಕೂಡ ಬೀಳ್ಲಿಲ್ಲ. ಇವತ್ತು ಎಲ್ಲ ಡಿಜಿಟಲ್ ಆಗಿದೆ, ಮೊಬೈಲಲ್ಲೇ ಮಿಕ್ಸರ್ ಆಡಿಸ್ತೀರಿ, ಆದರೆ ಕೇಬಲ್ ಸುತ್ತುವುದನ್ನು ಮಾತ್ರ ಈಗಲೂ ಹಾಗೆಯೇ ಸುತ್ಬೇಕು. ಅದು ಮೊದಲ ಪಾಠ.

ಇನ್ನು ಗುರುಬಂಧು ಬಳಗ ಅಂತ ಒಂದು ಇತ್ತು. ಊರಿನ ಬೇರೆ ಬೇರೆ ಸಂಗೀತ ಕಾಲೇಜಿನಲ್ಲಿ ಕಲಿತು, ಹೊಟ್ಟೆಪಾಡಿಗೆ ಕುವೈತಿಗೆ ಬಂದು, ಬ್ಯಾಂಕಲ್ಲಿ, ಆಫೀಸಲ್ಲಿ, ರಿಫೈನರಿಯಲ್ಲಿ ಕೆಲಸಕ್ಕಿದ್ದವರು ಮಾಡಿಕೊಂಡದ್ದು. ಕಾಲೇಜು ಬೇರೆಯಾದರೂ ಒಬ್ಬರನ್ನೊಬ್ಬರು ಗುರುಬಂಧು ಅಂತಲೇ ಕರೀತಿದ್ರು. ಹೊಸಬರು ಸೇರುವಾಗ ಶ್ರುತಿ ಪೆಟ್ಟಿಗೆ ಮುಟ್ಟಿ ಮಾತು ಕೊಡ್ಬೇಕು, ಯಾವ ಕೆಲಸದಲ್ಲಿದ್ದರೂ ಸಂಗೀತ ಬಿಡುವುದಿಲ್ಲ ಅಂತ. ಅವರ ಸೆಕ್ರೆಟರಿ ಭಟ್ರು, ಮೀನಾ ಅಲ್ ಅಹ್ಮದಿ ರಿಫೈನರಿಯಲ್ಲಿ ಇಂಜಿನಿಯರ್. ಸಣ್ಣ ಸ್ವರದಲ್ಲಿ ಮಾತಾಡುವವರು, ಆದರೆ ನಿಯಮ ಅಂದರೆ ನಿಯಮ.

ವರ್ಷಕ್ಕೊಮ್ಮೆ ಅವರು ಸಂಗೀತ ಕಲಿಸಿದ ಒಬ್ಬರಿಗೆ, ಕಛೇರಿ ಮಾಡುವ ಒಬ್ಬರಿಗೆ ಸನ್ಮಾನ ಮಾಡ್ತಿದ್ರು. ಅವರ ಕ್ರಮ ಬೇರೆಯೇ. ಮುಖ್ಯ ಅತಿಥಿ ಇಲ್ಲ, ದುಡ್ಡು ಕೊಟ್ಟ ವ್ಯಾಪಾರಿಯ ಭಾಷಣ ಇಲ್ಲ. ಕಛೇರಿಯವರಿಗೆ ಪಕ್ಕವಾದ್ಯದವರೇ ಶಾಲು ಹೊದಿಸ್ಬೇಕು. ಕಲಿಸಿದವರಿಗೆ ಅವರ ಶಿಷ್ಯರೇ ಹೊದಿಸ್ಬೇಕು. ಸನ್ಮಾನ ಪತ್ರ ಓದುವುದಿಲ್ಲ, ಅದರ ಬದಲಿಗೆ ಶಿಷ್ಯರು ಸ್ಟೇಜಿನಲ್ಲಿ ಕೂತು ಆ ಗುರುಗಳು ತಮಗೆ ಹೇಳಿಕೊಟ್ಟ ಮೊದಲ ಪಾಠ ಹಾಡ್ಬೇಕು. ಸರಳೆ ವರಸೆ, ಸ ರಿ ಗ ಮ, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಎಷ್ಟು ದೊಡ್ಡ ಶಿಷ್ಯ ಆದರೂ ಅಷ್ಟೇ. ತಲೆ ನೆರೆತ ಅಕೌಂಟೆಂಟ್ ಒಬ್ಬರು ಎಂಬತ್ತರ ಗುರುಗಳ ಎದುರು ಸ ರಿ ಗ ಮ ಹಾಡುವುದನ್ನು ನಾನು ಮಿಕ್ಸರಿನ ಹಿಂದೆ ನಿಂತು ನೋಡಿದ್ದೇನೆ. ಹಾಲ್‌ನಲ್ಲಿ ಕೆಮ್ಮಿದ ಶಬ್ದ ಇಲ್ಲ.

ಎಡವಟ್ಟು ಕೂಡ ಆಗ್ತಿತ್ತು. ಒಮ್ಮೆ ಕೊಳಲಿನವರಿಗೆ ಸನ್ಮಾನ. ನಾನು ಹೊಸ ಕಾರ್ಡ್‌ಲೆಸ್ ಮೈಕ್ ಕೊಟ್ಟಿದ್ದೆ, ದೊಡ್ಡಸ್ತಿಕೆಗೆ. ಹಾರ ಹಾಕುವ ಹೊತ್ತಿಗೆ ಸ್ಪೀಕರಲ್ಲಿ ಟ್ಯಾಕ್ಸಿ ಆಫೀಸಿನವನ ಅರಬ್ಬಿ, ಯಾರನ್ನೋ ಏರ್‌ಪೋರ್ಟಿಗೆ ಕಳಿಸ್ತಾ ಇದ್ದ. ಕೊಳಲಿನವರು ನಕ್ಕುಬಿಟ್ರು, "ನನಗೇ ಕರೆ ಬಂತು" ಅಂದ್ರು. ಭಟ್ರು ನಗ್ಲಿಲ್ಲ. ಅಂದಿನಿಂದ ಸನ್ಮಾನಕ್ಕೆ ವೈರಿನ ಮೈಕ್ ಮಾತ್ರ.

ಸರೋಜಿನಿ ಟೀಚರನ್ನು ನಾನು ನೋಡಿದ್ದು ಅದಕ್ಕೂ ಮುಂಚೆ, ಸಾಲ್ಮಿಯಾದ ಒಂದು ಶಾಲೆಯ ಹಾಲ್‌ನಲ್ಲಿ. ಪುತ್ತೂರಿನವರು, ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಕ್ವಾರ್ಟರ್ಸಿನ ರೂಮಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡ್ತಿದ್ರು. ಹಾಗಾಗಿ ಎಲ್ಲರೂ ಸಿಸ್ಟರ್ ಅನ್ನುವ ಬದಲು ಟೀಚರ್ ಅಂತಿದ್ರು. ಅವತ್ತು ಅವರ ಹಾಡು ಇತ್ತು. ನನಗೆ ಮದುವೆ ಪಾರ್ಟಿಗೆ ಮೈಕ್ ಕಟ್ಟಿ ಮಾತ್ರ ಅಭ್ಯಾಸ. ಸ್ಪೀಕರಲ್ಲಿ ಎಂತದೋ ಗುಂಯ್ ಅಂತ ಕೇಳ್ತಾ ಇತ್ತು, ನಿಲ್ಲುವುದೇ ಇಲ್ಲ. ಅರ್ತಿಂಗ್ ಸರಿ ಇಲ್ಲ ಅಂತ ನಾನು ಒಂದೊಂದೇ ಮೈಕ್ ಇಳಿಸಿ ನೋಡಿದೆ. ಮೂಲೆಯ ಮೈಕ್ ಇಳಿಸಿದ ಕೂಡಲೇ ಗುಂಯ್ ನಿಂತಿತು. ಖುಷಿಯಾಯ್ತು ನನಗೆ. ಅಷ್ಟರಲ್ಲಿ ಟೀಚರ್ ಹಾಡು ನಿಲ್ಲಿಸಿ ನನ್ನ ಕಡೆ ನೋಡಿದ್ರು.

"ಅಣ್ಣಾ, ನನ್ನ ಶ್ರುತಿ ಎಲ್ಲಿಗೆ ಹೋಯ್ತು?"

ಆ ಮೂಲೆಯಲ್ಲಿ ಅವರ ಶಿಷ್ಯೆ ಅನಿತಾ ಕೂತು ಶ್ರುತಿ ಪೆಟ್ಟಿಗೆ ಒತ್ತುತ್ತಾ ಇದ್ದದ್ದು. ಹಾರ್ಮೋನಿಯಮ್ಮಿನ ತಮ್ಮನ ಹಾಗಿರುವ ಪೆಟ್ಟಿಗೆ ಅದು, ಒಂದೇ ಸ್ವರ ಬಿಡದೆ ಹಿಡಿದುಕೊಂಡಿರುವುದೇ ಅದರ ಕೆಲಸ. ಹಾಡುವವರು ಅದನ್ನೇ ಕೇಳಿಕೊಂಡು ಹಾಡುವುದು. ನಾನು ಅದನ್ನು ಕರೆಂಟಿನ ತೊಂದರೆ ಅಂತ ತೆಗೆದುಹಾಕಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಹೆದರಿಕೊಂಡೇ ಹೋಗಿ ಕೇಳಿದೆ, "ಟೀಚರ್, ಸೌಂಡ್ ಹೇಗಿತ್ತು?"

"ಚೆನ್ನಾಗಿತ್ತು" ಅಂದ್ರು.

ಹಿಂದೆ ಬಂದ ಅನಿತಾ ನಗ್ತಾ ಹೇಳಿದಳು, "ಖುಷಿ ಪಡಬೇಡಿ ಶೇಖರಣ್ಣ. ಟೀಚರ್ ಹೊರಗಿನವರಿಗೆಲ್ಲ ಚೆನ್ನಾಗಿತ್ತು ಅಂತಲೇ ಹೇಳುವುದು. ತಮ್ಮವರನ್ನು ಮಾತ್ರ ತಿದ್ದುವುದು. ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಚೆನ್ನಾಗಿತ್ತು ಸಿಗ್ಲಿಲ್ಲ."

ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಅವರ ಪ್ರತಿ ಕಾರ್ಯಕ್ರಮಕ್ಕೂ ಹಸನಾಕನ ಹತ್ರ ಕೇಳಿ ನಾನೇ ಹೋಗ್ತಿದ್ದೆ. ಶ್ರುತಿಗೆ ಒಳ್ಳೆ ಮೈಕ್ ಇಟ್ಟೆ, ಮೃದಂಗದ ಎರಡು ಬದಿಗೂ ಇಟ್ಟೆ, ಎಕೋ ಬಂದ್ ಮಾಡಿದೆ. ಪ್ರತಿ ಸಲ ಕೇಳುವುದು, ಪ್ರತಿ ಸಲ "ಚೆನ್ನಾಗಿತ್ತು". ಒಂದು ದಿನ ನಾನು ಕೇಳುವ ಮೊದಲೇ ಅವರು ಬಂದು, "ಶೇಖರ, ಮೃದಂಗದ ಎಡಬದಿ ಜಾಸ್ತಿ ಆಯ್ತು, ನನ್ನ ಮಂದ್ರ ಅದರ ಅಡಿಗೆ ಬಿತ್ತು" ಅಂದ್ರು. ನಾನು ಪಿಕಪ್ಪಿನಲ್ಲಿ ಹಾಡಿಕೊಂಡು ಬಂದೆ.

"ಬೈಗುಳ ತಿಂದು ಹೀಗೆ ಹಲ್ಲು ಕಿರಿಯುವವನನ್ನು ನಾನು ನೋಡಿದ್ದಿಲ್ಲ" ಅಂದ್ರು ಹಸನಾಕ. "ನನ್ನ ಬೈಗುಳಕ್ಕೆ ಯಾಕೆ ಮುಖ ಊದಿಸ್ತಿ ಹಾಗಾದರೆ?"

ಬಳಗದಲ್ಲಿ ಟೀಚರ ಹೆಸರು ಬಂದಾಗ ಕೆಲವರಿಗೆ ಸರಿ ಕಾಣ್ಲಿಲ್ಲ. ಸಂಗೀತ ಕಾಲೇಜಿನ ಸರ್ಟಿಫಿಕೇಟ್ ಇಲ್ಲ, ಉಡುಪಿಯಲ್ಲಿ ಒಬ್ಬರ ಮನೆಯಲ್ಲಿ ಸಣ್ಣದಿರುವಾಗ ಕಲಿತದ್ದು ಅಷ್ಟೆ ಅಂತ. ಭಟ್ರು ಕೂಡ ಮೊದಲು ಬೇಡ ಅಂತ ತಲೆ ಆಡಿಸಿದ್ದರು. ಮತ್ತೆ ಒಮ್ಮೆ ಅವರ ಪಾಠ ಕೇಳಿ ಬಂದು ಅವರೇ ಹೆಸರು ಮುಂದಿಟ್ರು. 1990ರ ಆಗಸ್ಟಿನಲ್ಲಿ ಮಾಡುವುದು ಅಂತ ಆಯ್ತು. ಜುಲೈಯಲ್ಲಿ ಒಂದು ಶುಕ್ರವಾರ ಪ್ರಾಕ್ಟೀಸ್ ಇಟ್ಟರು. ಟೀಚರಿಗೆ ಗೊತ್ತಾಗಬಾರದು ಅಂತ ಇತ್ತು, ಆದರೆ ಮಕ್ಕಳು ಬಾಯಿಬಿಟ್ಟಿದ್ದರು. ಬೇರೆ ಒಂದು ಕಾರ್ಯಕ್ರಮದ ಚೇರಿನ ಲೆಕ್ಕ ಕೇಳ್ಲಿಕ್ಕೆ ಕ್ವಾರ್ಟರ್ಸಿಗೆ ಹೋದಾಗ ಅವರು ನನ್ನ ಹತ್ರ ಹೇಳಿದ್ರು.

"ಶೇಖರ, ನನಗೆ ಶಾಲು ಬೇಡ. ಶಾಲು ಎಲ್ಲಿಯೂ ಸಿಗ್ತದೆ. ಇಲ್ಲಿ ಮಗು ಒಂದು ಗೀತೆಗೆ ಬರುವಾಗ ಅಪ್ಪನ ಇಕಾಮಾ, ಇಲ್ಲಿ ಇರುವ ಪರ್ಮಿಟ್ಟು, ಖಲಾಸ್, ಊರಿಗೆ ಹೋಗ್ತದೆ. ಇನ್ನೊಂದು ವರ್ಣಕ್ಕೆ ಬರುವಾಗ ಕಾಲೇಜು. ನನ್ನ ಪಾಠ ಎಲ್ಲ ಅರ್ಧ ಅರ್ಧ. ಒಮ್ಮೆ ಎಲ್ಲರೂ ಒಟ್ಟಿಗೆ ಕೂತು ಮೊದಲ ಪಾಠ ಹಾಡುವುದು ಕೇಳ್ಬೇಕು ಅಂತ ಆಸೆ. ಅಷ್ಟೆ."

ಅದು ಆಗ್ಲಿಲ್ಲ. ಆಗಸ್ಟ್ ಎರಡಕ್ಕೆ ಇರಾಕಿನ ಸೈನ್ಯ ಒಳಗೆ ಬಂತು. ಬೆಳಿಗ್ಗೆ ಎದ್ದು ಕ್ಯಾಂಪಿನ ಬಾಗಿಲು ತೆಗೆದರೆ ರಸ್ತೆಯಲ್ಲಿ ಟ್ಯಾಂಕ್. ಯುದ್ಧದ ಕಥೆ ತುಂಬ ಜನ ಬರೆದಿದ್ದಾರೆ, ನನಗೆ ಅದು ಬರೀಲಿಕ್ಕೆ ಬರುವುದಿಲ್ಲ. ನನಗೆ ಗೊತ್ತಿರುವುದು ಇಷ್ಟು. ಕಫೀಲ್ ಆಗ ಹೊರದೇಶದಲ್ಲಿದ್ದ. ಫೋನ್ ಇಲ್ಲ. ಖುಬ್ಬೂಸ್ ರೊಟ್ಟಿಗೆ ಕ್ಯೂ. ಭಾರತಕ್ಕೆ ಕಳಿಸ್ತಾರೆ ಅಂತ ಸುದ್ದಿ ಬಂದಾಗ ಬಳಗದ ಸಂಸಾರಗಳೆಲ್ಲ ಬಾಗ್ದಾದ್ ದಾರಿಯಲ್ಲಿ ಅಮ್ಮಾನಿಗೆ ಹೊರಟವು. ಅನಿತಾ ಹೋದಳು. ಪ್ರಾಕ್ಟೀಸಿಗೆ ಬಂದ ಮಕ್ಕಳಲ್ಲಿ ಒಬ್ಬರೂ ಉಳೀಲಿಲ್ಲ. ಭಟ್ರು ಹೋದ್ರು. ನನ್ನನ್ನು ಹಸನಾಕ ಪಿಕಪ್ಪಿನಲ್ಲಿ ತಂದು ಬಸ್ಸು ಹತ್ತಿಸಿದ್ರು.

"ನೀವು ಬನ್ನಿ ಹಸನಾಕ."

"ಕೀ ನನ್ನ ಹತ್ರ ಉಂಟಲ್ಲ ಮಾರಾಯ. ಕಫೀಲ್ ಬಂದು ಕೇಳಿದರೆ ಎಂತ ಹೇಳುವುದು? ಯಲ್ಲಾ, ನೀನು ಹತ್ತು."

ದಾರಿಯಲ್ಲಿ ಜಾಬ್ರಿಯಾದಲ್ಲಿ ನಿಲ್ಲಿಸಿ ಟೀಚರಿಗೂ ಹೇಳಿ ನೋಡಿದ್ದೆವು. ವಾರ್ಡಿನಲ್ಲಿ ಜನ ಕಡಿಮೆ ಆಗಿದ್ದಾರೆ, ರೋಗಿಗಳು ಕಡಿಮೆ ಆಗ್ಲಿಲ್ಲ ಅಂದ್ರು. ಅವರೂ ನಿಂತ್ರು.

ನಾನು ವಾಪಸ್ ಹೋದದ್ದು ಮರುವರ್ಷ, ಯುದ್ಧ ಮುಗಿದು ಕಫೀಲ್ ವೀಸಾ ಕಳಿಸಿದ ಮೇಲೆ. ಎಣ್ಣೆ ಬಾವಿಗಳು ಇನ್ನೂ ಉರೀತಾ ಇದ್ದವು. ಗಾಳಿ ತಿರುಗಿದ ದಿನ ಮಧ್ಯಾಹ್ನಕ್ಕೇ ಕಾರಿನವರು ಲೈಟ್ ಹಾಕ್ತಿದ್ರು. ಬಟ್ಟೆ ಒಣಗಿಸಿದರೆ ಕಪ್ಪು ಚುಕ್ಕೆ. ಗೋದಾಮಿನಲ್ಲಿ ಟೆಂಟಿನ ಕಂಬ, ಮುರಿದ ಕುರ್ಚಿ ಬಿಟ್ಟರೆ ಏನೂ ಇಲ್ಲ. ಹಸನಾಕ ಬಾಗಿಲಲ್ಲೇ ಇದ್ದರು, ತುಂಬ ಸಪೂರ ಆಗಿದ್ದರು. ಕೀ ಸೊಂಟದಲ್ಲೇ ಇತ್ತು.

"ಎಲ್ಲ ತಗೊಂಡು ಹೋದ್ರಾ?"

"ಎಲ್ಲ ಅಲ್ಲ" ಅಂತ ಹೇಳಿ ಮುರಿದ ಕುರ್ಚಿಗಳ ಅಡಿಯಿಂದ ಹರಿದ ಟೆಂಟಿನ ಬಟ್ಟೆಯ ಒಂದು ಕಟ್ಟು ಎಳೆದ್ರು. ಒಳಗೆ ಸಣ್ಣ ಮಿಕ್ಸರು, ಎರಡು ಸ್ಪೀಕರ್, ಮೂರು ಮೈಕ್. ಕೇಬಲ್ ಕೂಡ ಉಂಟು, ಒಂದು ಮೇಲಿಂದ ಒಂದು ಕೆಳಗಿಂದ ಸುತ್ತಿದ್ದು. "ಕಸ ಅಂತ ಬಿಟ್ಟು ಹೋದ್ರು. ನಾನೂ ಹೌದು ಕಸ ಅಂತಲೇ ಹೇಳಿದೆ."

ಅವತ್ತು ಸಂಜೆ ಚಾ ಕುಡೀತಾ ಇರುವಾಗ ಟೀಚರ ಸುದ್ದಿ ಕೇಳಿದೆ. ಹಸನಾಕ ಹೇಳಿದ್ರು. ಪೆಟ್ರೋಲ್ ಸಿಕ್ಕಿದಾಗೆಲ್ಲ ಅವರು ಪಿಕಪ್ಪಿನಲ್ಲಿ ಆಸ್ಪತ್ರೆಗೆ ರೊಟ್ಟಿ, ನೀರು ಹಾಕ್ತಿದ್ರಂತೆ. ಬಾಂಬು ಬೀಳ್ಲಿಕ್ಕೆ ಶುರುವಾದ ಮೇಲೆ ಸಂಜೆಗೆ ವಾಪಸ್ ಬರುವ ಹಾಗಿಲ್ಲ, ಅಲ್ಲೇ ಕೆಳಗಿನ ಸ್ಟೋರಿನ ಹತ್ರ ಕೂರುವುದು. ಡ್ಯೂಟಿ ಮುಗಿಸಿದ ಇಬ್ಬರು ಮಲಯಾಳಿ ನರ್ಸುಗಳು, ಎಕ್ಸ್‌ರೇ ವಿಭಾಗದ ಒಬ್ಬ ಈಜಿಪ್ಟಿನವ, ಹಸನಾಕ, ಟೀಚರ್. ಕಿಟಕಿ ಅಲುಗಾಡಿದರೆ ಎಲ್ಲರೂ ಗೋಡೆಯ ಹತ್ರ ಸರೀತಿದ್ರು. ಒಂದು ದಿನ ಟೀಚರ್ ಶ್ರುತಿ ಪೆಟ್ಟಿಗೆ ತಂದು ಸಣ್ಣದಾಗಿ ಸ ರಿ ಗ ಮ ಹಾಡಿದ್ರಂತೆ. ಅದಕ್ಕೆ ಕರೆಂಟ್ ಬೇಡವಲ್ಲ. ಮರುದಿನ ನರ್ಸುಗಳು ಸೇರಿಕೊಂಡ್ರು. ಆಮೇಲೆ ಎಲ್ಲರೂ.

"ನೀವೂ ಹಾಡಿದ್ರಾ?"

"ಸುಮ್ಮನೆ ಕೂತರೆ ಹೆದರಿಕೆ ಆಗ್ತಿತ್ತು ಮಾರಾಯ. ನನ್ನದು ಬೈಲಿನಿಂದ ದನ ಕರೆಯುವ ಸ್ವರ, ನಿಂಗೆ ಗೊತ್ತುಂಟಲ್ಲ. ಆದರೂ ಟೀಚರ್ ಒಂದು ಮಾತು ಹೇಳ್ಲಿಲ್ಲ. ಎಷ್ಟು ತಪ್ಪಿದರೂ ಚೆನ್ನಾಗಿತ್ತು ಅಂತಿದ್ರು."

ನಾನು ಚಾದ ಲೋಟ ಕೆಳಗಿಟ್ಟೆ. ಚೆನ್ನಾಗಿತ್ತು ಅಂದರೆ ಎಂತ ಅಂತ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರ್ಲಿಲ್ಲ. ನಾನು ಹೇಳ್ಲಿಕ್ಕೆ ಹೋಗ್ಲಿಲ್ಲ.

ಬಳಗದಲ್ಲಿ ವಾಪಸ್ ಬಂದವರು ಕೆಲವೇ ಜನ. ಭಟ್ರು ಬಂದಿದ್ರು, ರಿಫೈನರಿ ರಿಪೇರಿಗೆ ಅವರು ಬೇಕಿತ್ತು. ಟೀಚರ್ ಕೆಲಸ ಬಿಟ್ಟು ಪುತ್ತೂರಿಗೆ ಹೋಗುವುದು ಅಂತ ನಿಶ್ಚಯ ಮಾಡಿದ್ರು. ಹೊಗೆಗೆ ಗಂಟಲು ಹಾಳಾಗಿತ್ತು, ಎರಡು ಸಾಲು ಹಾಡಿದರೆ ಕೆಮ್ಮು. ನಿಂತುಹೋದ ಸನ್ಮಾನವನ್ನು ಅವರು ಹೋಗುವ ಮೊದಲು ಮಾಡಿಬಿಡ್ಬೇಕು ಅಂತ ಭಟ್ರಿಗೆ. ನಾನು, ಭಟ್ರು, ಹಸನಾಕ ಪಿಕಪ್ಪಿನಲ್ಲಿ ಕ್ವಾರ್ಟರ್ಸಿಗೆ ಹೋದೆವು.

ಟೀಚರ್ ಪೂರ್ತಿ ಕೇಳಿ ಹೇಳಿದ್ರು, "ಯಾರು ಹಾಡುವುದು ಭಟ್ರೇ?"

ನಾನು ಜುಲೈ ಪ್ರಾಕ್ಟೀಸಿನಲ್ಲಿ ಮಕ್ಕಳು ಹಾಡಿದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದೆ, ಸೌಂಡ್ ನೋಡ್ಲಿಕ್ಕೆ. ಅದು ಊರಿಗೆ ಹೋಗುವಾಗ ನನ್ನ ಚೀಲದಲ್ಲೇ ಬಂದಿತ್ತು, ವಾಪಸ್ ತಂದಿದ್ದೆ. ಅದನ್ನು ಹಾಕುವ ಅಂದೆ.

"ಕ್ಯಾಸೆಟ್ಟಿಗೆ ನಾನು ಪಾಠ ಹೇಳಿದ್ದಲ್ಲವಲ್ಲ ಶೇಖರ." ಸಿಟ್ಟು ಇರ್ಲಿಲ್ಲ ಅವರಿಗೆ. "ಅದನ್ನು ನನಗೆ ಕೊಡು, ಊರಲ್ಲಿ ಕೇಳ್ತೇನೆ. ಸನ್ಮಾನಕ್ಕೆ ಬೇಡ."

ಆಗ ನಾನು ಯುದ್ಧದ ಸಮಯದಲ್ಲಿ ಕೆಳಗೆ ಕೂತು ಹಾಡಿದವರ ಮಾತು ತೆಗೆದೆ. ಹಸನಾಕ ನನ್ನ ಕಾಲು ತುಳಿದ್ರು. ಭಟ್ರು ಯೋಚನೆ ಮಾಡಿ, "ಅವರು ಸರಳೆಯೂ ಮುಗಿಸಿದವರಲ್ಲ. ಆದರೆ ನಿಯಮದಲ್ಲಿ ಎಷ್ಟು ಕಲಿತಿರ್ಬೇಕು ಅಂತ ಇಲ್ಲ. ಇವರು ನನ್ನ ಶಿಷ್ಯರು ಅಂತ ಗುರುಗಳು ಒಪ್ಪಬೇಕು, ಅಷ್ಟೆ. ನೀವು ಒಪ್ಪಿದರೆ ನನ್ನದು ತಕರಾರಿಲ್ಲ" ಅಂದ್ರು.

ಟೀಚರ್ ಹಸನಾಕನ ಮುಖ ನೋಡಿದ್ರು. ಮತ್ತೆ ನೆಲ ನೋಡಿದ್ರು.

"ಬೇಸರ ಮಾಡಬೇಡಿ ಹಸನಾಕ. ನೀವು ರೊಟ್ಟಿ ತಾರದಿದ್ದರೆ ನಾವು ಇರ್ತಿರ್ಲಿಲ್ಲ, ಅದು ಬೇರೆ. ಆದರೆ ನಾನು ನಿಮಗೆ ಪಾಠ ಹೇಳ್ಲಿಲ್ಲ. ಹೆದರಿಕೆಗೆ ಒಟ್ಟಿಗೆ ಕೂತದ್ದು ನಾವು. ಶಿಷ್ಯರು ಅಂತ ಹೇಳಿ ನಿಮ್ಮನ್ನು ಸ್ಟೇಜಿನಲ್ಲಿ ಕೂರಿಸಿದರೆ ಅದು ನಿಮಗೂ ನ್ಯಾಯ ಅಲ್ಲ, ಆ ಮಕ್ಕಳಿಗೂ ಅಲ್ಲ."

"ನಂಗೆ ಎಂತಕ್ಕೆ ಟೀಚರ್ ಸ್ಟೇಜು" ಅಂದ್ರು ಹಸನಾಕ. "ನಾನು ಸ್ಟೇಜು ಕಟ್ಟುವವ." ನಕ್ಕರು, ಆದರೆ ಪಿಕಪ್ ಹತ್ತಿದ ಮೇಲೆ ಸಬ್ಹಾನ್ ತನಕ ಮಾತಾಡ್ಲಿಲ್ಲ.

ಕೊನೆಗೆ ಭಟ್ರು ಹೇಳಿದ್ರು, ಸನ್ಮಾನ ಬೇಡ, ಚಾ ಪಾರ್ಟಿ ಮಾಡುವ, ಬೀಳ್ಕೊಡುಗೆ ಅಂತ. ಕ್ವಾರ್ಟರ್ಸಿನ ಕೆಳಗಿನ ಹಾಲ್‌ನಲ್ಲೇ. ಮುಂಬೈಯಿಂದ ಯಾರ ಹತ್ರವೋ ತರಿಸಿದ ಶಾಲನ್ನು ಭಟ್ರು ಕವರಿನಲ್ಲೇ ಟೇಬಲ್ ಮೇಲಿಟ್ಟರು, ಉಡುಗೊರೆ ಅಂತ ಕೊಡುವುದು, ಹೊದಿಸುವುದಲ್ಲ. ಹಣ್ಣಿನ ಬುಟ್ಟಿಗೆ ಸೇಬು ಸಿಗದೆ ಖರ್ಜೂರ ತುಂಬಿಸಿದ್ದರು.

ನಾನೂ ಹಸನಾಕನೂ ಬೇಗ ಹೋಗಿ ಮೈಕ್ ಕಟ್ಟಿದೆವು. ಆ ಇಬ್ಬರು ನರ್ಸುಗಳು, ಎಕ್ಸ್‌ರೇಯವನು ಅಲ್ಲೇ ಕುರ್ಚಿ ಹಾಕ್ತಾ ಇದ್ರು. ಶ್ರುತಿ ಪೆಟ್ಟಿಗೆ ಟೀಚರ ರೂಮಿನಿಂದ ಕೆಳಗೆ ಬಂದಿತ್ತು, ಭಟ್ರು ಒಂದು ಪ್ರಾರ್ಥನೆ ಹಾಡುವವರಿದ್ದರು. ಒಬ್ಬ ನರ್ಸಿಗೆ ಅದನ್ನು ಒತ್ಲಿಕ್ಕೆ ಹೇಳಿ ಮೈಕ್ ಇಟ್ಟೆ. ಇನ್ನು ಹಾಡುವ ಮೈಕ್. ನಾನು ಮಿಕ್ಸರಿನ ಹತ್ರ ಇರ್ಬೇಕು, ಮೈಕಿನ ಎದುರು ಕೂರ್ಲಿಕ್ಕೆ ಇದ್ದದ್ದು ಹಸನಾಕ ಒಬ್ಬರೇ.

"ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಅಂದ್ರು.

"ಹಲೋ ಸಾಕಾಗುವುದಿಲ್ಲ ಹಸನಾಕ. ಉದ್ದ ಎಳೆದು ಎಂತಾದರೂ ಹೇಳಿ, ಹಾಡಿನ ಹಾಗೆ."

ನಾನು ಬೇಕಂತಲೇ ಹಾಗೆ ಹೇಳಿದ್ದು ಅಂತ ಭಟ್ರು ಆಮೇಲೆ ಸುಮಾರು ಸಲ ಹೇಳಿದ್ದಾರೆ. ಅಲ್ಲ. ಹಾಡಿನ ಮೈಕನ್ನು ಮಾತಿನಲ್ಲಿ ಟೆಸ್ಟ್ ಮಾಡಬಾರದು, ಅದು ನಮ್ಮ ಕೆಲಸ ಅಷ್ಟೆ. ಹೊಸ ಹುಡುಗರು ಇದನ್ನು ನೆನಪಿಟ್ಟುಕೊಳ್ಳಿ.

ಹಸನಾಕ ಆಚೆ ಈಚೆ ನೋಡಿದ್ರು. ಹೊರಗಿನವರು ಯಾರೂ ಇಲ್ಲ. ಶ್ರುತಿ ಗುಂಯ್ ಅಂತ ಹಿಡಿದಿತ್ತು. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈ ತಟ್ಟಿಕೊಂಡು ಸ ರಿ ಗ ಮ ಶುರುಮಾಡಿದ್ರು. ಶ್ರುತಿ ಒತ್ತುವ ನರ್ಸು ತನಗೆ ಗೊತ್ತಿಲ್ಲದೆಯೇ ಸೇರಿಕೊಂಡಳು. ಇನ್ನೊಬ್ಬಳು ಕುರ್ಚಿ ಕೈಯಲ್ಲಿ ಹಿಡಿದೇ ಹಾಡಿದಳು. ಎಕ್ಸ್‌ರೇಯವನ ಸ ರಿ ಗ ಮ ಅರಬ್ಬಿಯ ಹಾಗೆ ಕೇಳ್ತಿತ್ತು. ಸ್ವರ ಒಬ್ಬರದ್ದು ಅಲ್ಲಿ, ಒಬ್ಬರದ್ದು ಇಲ್ಲಿ. ಆದರೆ ನಾಲ್ಕು ಜನ ಒಟ್ಟಿಗೆ ಹತ್ತುವುದು, ಒಟ್ಟಿಗೆ ಇಳಿಯುವುದು. ಒಬ್ಬರು ಉಸಿರಿಗೆ ನಿಂತರೆ ಉಳಿದವರು ಹಿಡ್ಕೊಳ್ಳುವುದು. ಹಾಗೆ ಹಾಡ್ಲಿಕ್ಕೆ ಒಂದು ದಿನದಲ್ಲಿ ಬರುವುದಿಲ್ಲ. ನಾನು ಗುಂಡಿ ತಿರುಗಿಸುವುದು ಬಿಟ್ಟು ನಿಂತುಬಿಟ್ಟೆ.

ಬಾಗಿಲ ಹತ್ರ ಟೀಚರ್ ಇದ್ರು. ಹಿಂದೆ ಭಟ್ರು. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ. ಟೀಚರ ಬಲಗೈ ಸೀರೆಯ ಪಕ್ಕದಲ್ಲಿ ತಾಳ ಹಾಕ್ತಾ ಇತ್ತು.

ಹಸನಾಕ ಕಣ್ಣು ತೆಗೆದು ನೋಡಿ ಹಾಡು ನುಂಗಿದ್ರು. ಎದ್ದು ನಿಲ್ಲಲು ಹೋದ್ರು. "ಮೈಕ್ ಟೆಸ್ಟ್ ಟೀಚರ್, ಮತ್ತೆಂತ ಇಲ್ಲ."

ಟೀಚರ್ ಸೀದಾ ಬಂದ್ರು. ಚೆನ್ನಾಗಿತ್ತು ಅಂತ ಹೇಳ್ತಾರೆ ಅಂತ ನಾನು ಕಾಯ್ತಾ ಇದ್ದೆ. ಹೇಳಿದರೆ ಮುಗೀತು.

"ರಿ ಮೇಲೆ ಹೋಯ್ತು ಹಸನಾಕ" ಅಂದ್ರು.

ಹಸನಾಕನಿಗೆ ಅರ್ಥ ಆಗ್ಲಿಲ್ಲ.

"ಈ ರಾಗದಲ್ಲಿ ರಿ ಅನ್ನುವುದು ಸ ಸ್ವರದ ಪಕ್ಕದಲ್ಲೇ ಕೂರ್ಬೇಕು. ನೀವು ಅದನ್ನು ಗ ಸ್ವರದ ಮನೆಗೆ ಕಳಿಸ್ತೀರಿ. ಕೂತ್ಕೊಳ್ಳಿ. ಮತ್ತೆ ಒಮ್ಮೆ." ಅವರಿಗೆ ಅಂತ ಇಟ್ಟಿದ್ದ ಕುರ್ಚಿ ದಾಟಿ ಬಂದು ಚಾಪೆಯ ಮೇಲೆ ಅವರ ಎದುರು ಕೂತ್ರು. "ಆ ಕುರ್ಚಿ ಕೆಳಗಿಡು ಮಾರಾಯ್ತಿ, ನೀನೂ ಬಾ. ನಿನ್ನ ನಿ ಕೂಡ ಸರಿ ಇಲ್ಲ."

ಜನ ಬಂದು ಸೇರ್ತಾ ಇದ್ರು, ಪಾಠ ನಡೀತಾ ಇತ್ತು. ಟೀಚರಿಗೆ ಗಂಟಲು ಇಲ್ಲ, ಬೆರಳಲ್ಲೇ ರಿ ಎಲ್ಲಿ ಅಂತ ತೋರಿಸ್ತಿದ್ರು. ಹಸನಾಕ ಬೆವರಿ ಹೋಗಿದ್ರು. ಮೂರೋ ನಾಲ್ಕೋ ಸಲ ಆದ ಮೇಲೆ ರಿ ತನ್ನ ಜಾಗಕ್ಕೆ ಬಂತು, ನನಗೆ ಹೆಡ್‌ಫೋನಿನಲ್ಲಿ ಕೇಳಿತು. ಟೀಚರ್ ತಲೆ ಆಡಿಸಿ, "ಹಾಂ, ಇನ್ನು ಎರಡನೇ ಕಾಲ" ಅಂದ್ರು. ಮೂರನೇ ಕಾಲಕ್ಕೆ ಹೋಗುವಾಗ ನಾಲ್ಕೂ ಜನ ನಾಲ್ಕು ದಿಕ್ಕಿಗೆ ಓಡಿ ಬಿದ್ದರು. ಹಾಲ್‌ ಇಡೀ ನಕ್ಕಿತು. ಟೀಚರ್ ನಕ್ಕು ಕೆಮ್ಮಿದ್ರು, ಕಣ್ಣು ಒರೆಸಿಕೊಂಡ್ರು. ಕೆಮ್ಮಿಗೋ ಯಾವುದಕ್ಕೋ.

ಭಟ್ರು ಟೇಬಲ್ ಹತ್ರ ಹೋಗಿ ಕವರು ಹರಿದು ಶಾಲು ತೆಗೆದು ಹಸನಾಕನ ಕೈಗೆ ಕೊಟ್ರು. ಹಸನಾಕನಿಗೆ ಶಾಲು ಹೊದಿಸಿ ಅಭ್ಯಾಸ ಇಲ್ಲ. ಮಳೆ ಬರುವಾಗ ಸ್ಪೀಕರಿಗೆ ತಾರ್ಪಾಲು ಹೊದಿಸುವ ಹಾಗೆ ಹಿಂದಿನಿಂದ ಹಾಕಿ, ಎರಡೂ ಬದಿ ಎಳೆದು, ಎಲ್ಲಿಯೂ ಗಾಳಿ ಹೋಗದ ಹಾಗೆ ಸರಿಮಾಡಿದ್ರು. ಟೀಚರ್ ಹಾಗೆಯೇ ಕೂತಿದ್ರು.

ಸಾಮಾನು ಪಿಕಪ್ಪಿಗೆ ತುಂಬುವಾಗ ನಾನು ಹಸನಾಕನಿಗೆ ಚೆನ್ನಾಗಿತ್ತು ಅನ್ನುವುದರ ಅರ್ಥ ಹೇಳಿದೆ. ಅವರು ಕೇಬಲ್ ಸುತ್ತುವುದು ನಿಲ್ಲಿಸಿದ್ರು.

"ಹಾಗಾದರೆ ನಂಗೆ ಇವತ್ತು ಬೈಗುಳ ಸಿಕ್ಕಿದ್ದು" ಅಂದ್ರು. ಸಬ್ಹಾನ್ ತನಕ ಸ್ಟೇರಿಂಗ್ ಮೇಲೆ ತಾಳ ಹಾಕಿಕೊಂಡೇ ಬಂದ್ರು. ರಿ ಮತ್ತೆ ಮೇಲೆ ಹೋಗ್ತಾ ಇತ್ತು. ನಾನು ತಿದ್ಲಿಕ್ಕೆ ಹೋಗ್ಲಿಲ್ಲ, ಅದು ನನ್ನ ಕೆಲಸ ಅಲ್ಲ.

ಟೀಚರ್ ಹೋದ ಮೇಲೆ ನಾನು ಕುವೈತಿನಲ್ಲಿ ತುಂಬ ವರ್ಷ ಮೈಕ್ ಕಟ್ಟಿದೆ. ದೊಡ್ಡ ದೊಡ್ಡ ಸನ್ಮಾನ ನೋಡಿದೆ, ಪೇಟ, ಬೆಳ್ಳಿ ತಟ್ಟೆ, ಹೂವಿನ ಮಳೆ. ಮಿಕ್ಸರ್ ಬದಲಾಯ್ತು, ಸ್ಪೀಕರ್ ಸಣ್ಣದಾಯ್ತು. ಸೌಂಡ್ ಚೆನ್ನಾಗಿತ್ತು ಅಂತ ಹೇಳಿ ಹೋದವರ ಮುಖ ಯಾವುದೂ ನೆನಪಿಲ್ಲ.

ನಿಮ್ಮ ಕೆಲಸದಲ್ಲಿ ಮೊದಲು ನಿಮ್ಮನ್ನು ತಿದ್ದಿದವರು ಯಾರು, ಎಂತ ಹೇಳಿ ತಿದ್ದಿದ್ರು, ನೀವೂ ಬರೆಯಿರಿ. ಉದ್ದ ಬೇಡ, ಒಂದು ಬೆರಳಲ್ಲಿ ಟೈಪ್ ಮಾಡುವಷ್ಟು ಸಾಕು. ಇನ್ನೊಂದು. ಶುರುವಿನಲ್ಲಿ ತಪ್ಪು ಕ್ಷಮಿಸಿ ಅಂತ ಬರೆದಿದ್ದೆ. ಈಗ ಅದನ್ನು ಅಳಿಸುವ ಅಂತ ಮೇಲೆ ಹೋಗಿ ನೋಡಿದೆ, ಎಲ್ಲಿ ಒತ್ತುವುದು ಅಂತ ಗೊತ್ತಾಗ್ಲಿಲ್ಲ. ಹಾಗಾಗಿ ಇಲ್ಲೇ ಹೇಳ್ತೇನೆ. ಕ್ಷಮಿಸುವುದು ಬೇಡ. ತಿದ್ದಿ.